ಕಚ್ಚಿದ ಬಳಪಗಳು ವಿಮಾನ ಹತ್ತಿದ್ದು

ನಾನು ಒಂದು ಸಲ ಫಾರಿನ್ನಿಗೆ ಹೋಗಿ ಬಂದಿದ್ದೇನೆ. ಇದನ್ನು ಹೇಳದೆ ಹತ್ತು ನಿಮಿಷ ಸುಮ್ಮನಿರಲು ನನ್ನಿಂದ ಆಗುವುದಿಲ್ಲ ಎಂಬುದು ನಮ್ಮೂರು ವಾಡಿಯ ಸ್ಟೇಷನ್ನಿನ ಚಹಾದಂಗಡಿಯವನಿಗೂ ಗೊತ್ತು. ಆದರೆ ಅಲ್ಲಿ ಮೊದಲ ದಿನವೇ ಒಂದು ಬಿಸ್ಕೀಟಿನ ಡಬ್ಬಿಯನ್ನು ಹೋಟೆಲಿನ ಮಂಚದ ಕೆಳಗೆ ಬಚ್ಚಿಟ್ಟೆ ಎಂಬುದನ್ನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ಸಿಮೆಂಟ್ ಕಾರ್ಖಾನೆಯಲ್ಲಿ ಹಾರಿಹೋಗುವ ಧೂಳನ್ನು ಬಟ್ಟೆಯ ಚೀಲದಲ್ಲಿ ಹಿಡಿದು ಮತ್ತೆ ಭಟ್ಟಿಗೆ ಹಾಕುವ ಉಪಾಯವೊಂದನ್ನು ನಾನು ಹುಡುಕಿದ್ದೆ. ಮನೆಯ ಕಪಾಟಿನ ಧೂಳನ್ನು ಎಂದೂ ಒರೆಸದವನಿಗೆ ಇದು ಹೇಗೆ ಹೊಳೆಯಿತೆಂದು ನನ್ನ ಹೆಂಡತಿಗೆ ಇಂದಿಗೂ ಬೆರಗು. ಅಂತೂ ಬ್ಯಾಂಕಾಕಿನಲ್ಲಿ ನಡೆಯುವ ಹೊಸ ಶೋಧಗಳ ಸಮ್ಮೇಳನಕ್ಕೆ ಕರೆ ಬಂತು. ಪತ್ರದ ಕೊನೆಗೊಂದು ವಿನಂತಿ: ಅಲ್ಲಿನ ಶಾಲೆಯೊಂದರ ಮಕ್ಕಳಿಗಾಗಿ ಪ್ರತಿಯೊಬ್ಬರೂ ತಮ್ಮೂರಿನಿಂದ ಓದುಬರಹದ ಸಾಮಾನು ತರಬೇಕು.

ನೆರೆಮನೆಯ ಶಾಂತಾಬಾಯಿ ಅಕ್ಕೋರು ನಮ್ಮೂರ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸುತ್ತಿದ್ದರು. ಅವರ ಕಿವಿಗೆ ಇದನ್ನು ಹಾಕಿದ್ದೇ ತಡ, ಮರುದಿನ ಆ ಬಿಸ್ಕೀಟಿನ ಡಬ್ಬಿ ಬಂತು. ತುಂಬ ಬಳಪಗಳು. ಒಂದೊಂದು ಮಗುವೂ ತನ್ನದೊಂದನ್ನು ಕೊಟ್ಟಿತ್ತು. ಅರ್ಧಕ್ಕರ್ಧದ ಮೇಲೆ ಹಲ್ಲಿನ ಗುರುತು. ಬಳಪದ ರುಚಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ನಾನೂ ನೋಡಿದವನೇ.

"ಪಾಟಿ ಎಲ್ಲವರಿ ಅಕ್ಕೋರ?" ಎಂದೆ. ಸ್ಲೇಟಿಲ್ಲದೆ ಬರೀ ಬಳಪ ಏನು ಮಾಡಬೇಕು?

"ಪಾಟಿ ಯಾಕ್ರಿ ಸಾಹೇಬ್ರ? ನೆಲ ಇರ್ತದಲ್ರಿ!"

ನಮ್ಮ ಕಡೆ ಅದು ಸರಿಯೇ. ಶಾಲೆಯ ತುಂಬ ಶಹಾಬಾದ ಫರಸಿ, ಅಂದರೆ ನುಣುಪಾದ ಹಾಸುಗಲ್ಲು, ಹಾಸಿದೆ. ಒಂದು ಮಗುವಿಗೆ ಒಂದು ಕಲ್ಲು. ಅದರ ಮೇಲೆ ಬರೆಯುವುದು, ಹಸಿ ಬಟ್ಟೆಯಿಂದ ಒರೆಸುವುದು, ಮತ್ತೆ ಬರೆಯುವುದು. ಲೋಕದಲ್ಲೆಲ್ಲ ನೆಲವೆಂದರೆ ಫರಸಿಯೇ ಎಂದು ಅಕ್ಕೋರು ನಂಬಿದ್ದರು. ಗಣಿಗಳ ನಡುವೆ ಹುಟ್ಟಿ ಬೆಳೆದವರು ಬೇರೆ ಹೇಗೆ ನಂಬಬೇಕು?

"ನಿಮ್ಮ ಕೈಲೇ ಕೊಡ್ರಿ. ಅಲ್ಲಿ ಹುಡುಗರು ಏನ್ ಬರದ್ರು ಅಂತ ಬಂದು ಹೇಳ್ರಿ. ಇಲ್ಲಾಂದ್ರ ನಮ್ಮ ಹುಡುಗರು ನನ್ನ ಜೀವಾ ತಿಂತಾವ" ಎಂದರು. ನಾನು ಮಾತು ಕೊಟ್ಟೆ.

ಬ್ಯಾಂಕಾಕಿನಲ್ಲಿ ಒಬ್ಬರು ಬಣ್ಣದ ಪೆನ್ಸಿಲ್ಲು ತಂದಿದ್ದರು, ಇನ್ನೊಬ್ಬರು ಮಿರಮಿರ ಮಿಂಚುವ ಕಂಪಾಸ್ ಪೆಟ್ಟಿಗೆ. ಎಂಜಲು ಬಳಪದ ಡಬ್ಬಿಯನ್ನು ಅವುಗಳ ಸಾಲಿನಲ್ಲಿಡಲು ನನಗೆ ನಾಚಿಕೆಯಾಯಿತು. ಅದಕ್ಕೇ ಮಂಚದ ಕೆಳಗೆ ತಳ್ಳಿದೆ. ನನ್ನ ಭಾಷಣ ಊಟದ ನಂತರ ಇತ್ತು. ಅರ್ಧ ಸಭೆ ತೂಕಡಿಸುತ್ತಿತ್ತು. ಎಚ್ಚರವಿದ್ದ ಒಬ್ಬ ಮಹನೀಯರು ಕೇಳಿದ್ದು ಒಂದೇ ಪ್ರಶ್ನೆ: ಆ ಚೀಲಗಳನ್ನು ಒಗೆಯುವವರು ಯಾರು?

ಕೊನೆಯ ದಿನ ಶಾಲೆಗೆ ಹೊರಟಾಗ ಅಕ್ಕೋರ ಮುಖ ನೆನಪಾಗಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಹೋಗಿ ನೋಡಿದರೆ ಶಾಲೆಯ ನೆಲ ಮರದ ಹಲಗೆಯದು! ಅದರ ಮೇಲೆ ಬಳಪ ಮೂಡುವುದುಂಟೇ? ಮಕ್ಕಳು ಕೈಮುಗಿದು ಪೆನ್ಸಿಲ್ಲುಗಳನ್ನು ತೆಗೆದುಕೊಳ್ಳುತ್ತಿದ್ದರು. ಮುಖ ತಪ್ಪಿಸಿ ಹೊರಗೆ ಬಂದೆ. ಅಂಗಳ ಕಂಡಿತು. ಸಿಮೆಂಟಿನ ಅಂಗಳ, ನುಣ್ಣಗೆ, ಬೂದು ಬಣ್ಣದ್ದು.

ಸೂಟು ಹಾಕಿದ್ದವನು ಹಾಗೇ ನೆಲಕ್ಕೆ ಕೂತು 'ಅ' ಬರೆದೆ. ಒಬ್ಬ ಪುಟ್ಟ ಹುಡುಗಿ ಬಂದು ನೋಡಿದಳು. ಬಳಪ ಕೊಟ್ಟೆ. ತಿರುಗಿಸಿ ನೋಡಿ, ಮೂಸಿ, ಕಟಕ್ಕನೆ ಕಚ್ಚಿದಳು! ಆಮೇಲೆ ನನ್ನ 'ಅ' ಪಕ್ಕದಲ್ಲಿ ತನ್ನ ಲಿಪಿಯ ಒಂದು ಸಾಲು ಬರೆದಳು. ಸ್ವಲ್ಪ ಹೊತ್ತಿನಲ್ಲಿ ಡಬ್ಬಿ ಖಾಲಿ, ಅಂಗಳ ಭರ್ತಿ. ಸಿಮೆಂಟಿನಲ್ಲೇ ತಲೆ ನರೆಸಿಕೊಂಡ ನನಗೆ ಅದು ಯಾತಕ್ಕೆ ಬರುತ್ತದೆಂದು ಅವತ್ತು ತಿಳಿಯಿತು. ಆ ಹುಡುಗಿಯ ಸಾಲನ್ನು ನನ್ನ ಭಾಷಣದ ಹಾಳೆಯ ಹಿಂದೆ ಚಿತ್ರ ಬರೆದ ಹಾಗೆ ಇಳಿಸಿಕೊಂಡೆ. ಅರ್ಥ ಕೇಳುವಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ.

ವಾಡಿಗೆ ಬಂದು ಅಕ್ಕೋರ ಮಕ್ಕಳ ಮುಂದೆ ಹಾಳೆ ಹಿಡಿದೆ.

"ಏನಂತ ಬರದಾರ್ರಿ?" ಎಂದಳು ಮುಂದಿನ ಕಲ್ಲಿನ ಹುಡುಗಿ.

"ಗೊತ್ತಿಲ್ಲವಾ" ಎಂದೆ, ತಲೆ ತಗ್ಗಿಸಿ. ಮಕ್ಕಳಿಗೆ ಅದು ಅಡ್ಡಿಯೇ ಆಗಲಿಲ್ಲ. ನಾಲಿಗೆ ಹೊರಗೆ ಚಾಚಿ, ಒಬ್ಬೊಬ್ಬರೂ ಆ ಸಾಲನ್ನು ತಮ್ಮ ತಮ್ಮ ಕಲ್ಲಿನ ಮೇಲೆ ಬರೆದರು. ಶಾಲೆ ಬಿಡುವ ಗಂಟೆ ಹೊಡೆಯಿತು. ಹಸಿ ಬಟ್ಟೆಗಳು ಹೊರಬಂದವು. ಯಾರ ಕೈಯೂ ಮುಂದೆ ಹೋಗಲಿಲ್ಲ.

"ಅಕ್ಕೋರ, ಒರಸಬೇಕೇನ್ರಿ?"

ಅಕ್ಕೋರು ಕಲ್ಲಿನಿಂದ ಕಲ್ಲಿಗೆ ಬಗ್ಗಿ ನೋಡುತ್ತ ಬಂದರು. "ಇರ್ಲಿ ಬಿಡ್ರಿ. ನಾಳಿಗಿ ಅದರ ಬಾಜೂಕ ಕುಂತು ಬರದ್ರಾತು."

ಮಕ್ಕಳು ತುದಿಗಾಲಲ್ಲಿ ಹೊರಗೆ ಹೋದರು. ಕಾಲಿಡಲು ನನಗೆ ಜಾಗ ಕಾಣಲಿಲ್ಲ. ಫಾರಿನ್ನಿಗೆ ಹೋಗಿ ಬಂದ ಬೂಟುಗಳನ್ನು ಕಳಚಿ ಕೈಯಲ್ಲಿ ಹಿಡಿದು, ಗೋಡೆಗುಂಟ ಮೆಲ್ಲಗೆ ಹೊರಗೆ ಬಂದೆ.