ಎರಡು ಪಾತ್ರೆಯ ದ್ರಾಕ್ಷಾರಸ

ಅಪ್ಪನ ಆ ಉಪದೇಶ ನೆನೆದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಹುಮನಾಬಾದಿನ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಅವನೇ ಹಿರಿಯ. ನಿಜಾಮರ ಕಾಲ. ಪಾದ್ರಿಗಳು ಬೀದರಿನಿಂದ ಮೂರು ತಿಂಗಳಿಗೊಮ್ಮೆ ಬಂದು ಪ್ರಭುಭೋಜನ ಕೊಡುತ್ತಿದ್ದರು, ಅಂದರೆ ಪ್ರಭುವಿನ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸ. ಒಣದ್ರಾಕ್ಷಿ ನೆನೆಸಿ, ಕಿವುಚಿ ರಸ ಸೋಸುವವಳು ನಾನು. ಅದನ್ನು ಎರಡು ಪಾತ್ರೆಗೆ ಸುರಿಯುವವಳೂ ನಾನೇ. ಹೊಳೆಯುವ ಬಟ್ಟಲು ಮುಂದಿನ ಚಾಪೆಯ ನಮಗೆ. ತಗಡಿನ ಲೋಟ ಹಿಂದೆ ಕೂರುವ, ತೊಗಲು ಹದ ಮಾಡುವ ಕೇರಿಯವರಿಗೆ. ಊರವರು ನಮ್ಮನ್ನೂ ಅವರನ್ನೂ ಬಾವಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ನಮಗೆ ನಮಗಿಂತ ಕೆಳಗೊಬ್ಬರು ಬೇಕಿತ್ತು. ಥೂ, ಎಂಥ ಮಂದಿ ನಾವು!

ಕಲ್ಯಾಣಿ ಎಂಬ ಪಕ್ಕದ ಊರಿನ ಒಬ್ಬ ಮುದುಕಿ, ತೊಗಲಿನ ಕೇರಿಯವಳು, ಹೋದ ಸಲ ಪಾದ್ರಿಗಳು ಬಂದಾಗ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾಗಿದ್ದಳು. ಅವಳ ಮೊದಲ ಪ್ರಭುಭೋಜನದ ಆ ಭಾನುವಾರ ಬೆಳಿಗ್ಗೆಯೇ ಬಂದು ನನ್ನೆದುರು ಕೂತಳು.

"ಹುಟ್ಟಿದಾಗಿಂದ ಬೊಗಸಿ ಒಡ್ಡಿ ನೀರ್ ಕುಡದೀನವ್ವಾ. ಇವತ್ತ ಎಲ್ಲಾರ ಜೋಡಿ ಒಂದಽ ಬಟ್ಟಲದಾಗ ಕುಡೀತೀನಿ. ಇನ್ನ ಸತ್ರೂ ಚಿಂತಿಲ್ಲ."

ನಾನು ತಗಡಿನ ಲೋಟ ತೊಳೆಯುತ್ತಿದ್ದೆ.

ಅವತ್ತಿನ ಉಪದೇಶದಲ್ಲಿ ಅಪ್ಪ ಯೆಹೂದ್ಯರನ್ನು ಹಿಡಿದು ಜಾಡಿಸಿದ. ಜನ್ಮದಲ್ಲಿ ಒಬ್ಬ ಯೆಹೂದ್ಯನನ್ನೂ ಕಂಡವನಲ್ಲ! ದಾವೀದ ಅರಸನ ವಂಶದಲ್ಲಿ ಮಸೀಹ, ದೇವರು ಕಳಿಸುವ ರಕ್ಷಕ, ಹುಟ್ಟುತ್ತಾನೆ, ಸಿಂಹಾಸನವೇರಿ ಪರರಾಜ್ಯದವರನ್ನು ಓಡಿಸುತ್ತಾನೆ ಎಂದು ಅವರು ಕಾದರಂತೆ. ಬಂದವನು ಬಡಿಗನ ಮನೆಯವನು. ಇವನಲ್ಲ ಎಂದು ಇನ್ನೂ ಕಾಯುತ್ತಿದ್ದಾರಂತೆ.

"ಬಡವರ ಮನ್ಯಾಗ ಹುಟ್ಯಾನ ಅಂತ, ಬಂದ ಮಸೀಹನ್ನ ಬಾಗಲದಾಗಿಂದಽ ಹೊಳ್ಳಿ ಕಳಿಸಿದ್ರು!" ಎಂದು ಎದೆ ಬಡಿದುಕೊಂಡ.

ಮುದುಕಿ ಅದನ್ನು ತನಗೇ ಹೇಳಿದ್ದೆಂದು ನಂಬಿದಳು. ಸೊಂಟ ಹಿಡಿದುಕೊಂಡು ಎದ್ದು, ಮುಂದೆ ಬಂದು, ನನ್ನ ಪಕ್ಕದಲ್ಲಿ ಕೂತಳು. ಹೆಂಗಸರು ಸೆರಗು ಎಳೆದುಕೊಂಡು ಸರಿದರು.

"ಏ ಮುದುಕಿ, ಹಿಂದ ಸರಿ. ನಿಂದು ಆ ಲೋಟ," ಎಂದ ಅಪ್ಪ.

"ಯಾಕ್ರಿ ಯಪ್ಪಾ? ಬಡವರ ಮನಿಯಾವ ಅಂತ ಮಸೀಹನ್ನ ದೂಡಿದ್ದು ತಪ್ಪು ಅಂತ ಈಗಽ ಹೇಳಿದ್ರಲ್ಲಾ?"

"ಅದು ಬ್ಯಾರೆ, ಇದು ಬ್ಯಾರೆ."

ಪಾದ್ರಿಗಳು ಪುಸ್ತಕದ ಹಾಳೆ ತಿರುವುತ್ತ ನಿಂತರು. ಅವರ ಬಿಳಿ ನಿಲುವಂಗಿ ಕಂಡೇ ಹೇಸಿಗೆಯಾಯಿತು ನನಗೆ.

ಮುದುಕಿ ಜಗ್ಗಲಿಲ್ಲ. ನನ್ನ ಮುಂಗೈ ಹಿಡಿದಳು. "ನೀ ಸಾಲಿ ಕಲಿತಾಕಿ. ನೀ ಹೇಳವ್ವಾ, ನಾ ಇಲ್ಲೇ ಕುಂಡ್ರಲ್ಯಾ?"

ಇಡೀ ಸಭೆ ನನ್ನನ್ನೇ ನೋಡುತ್ತಿತ್ತು.

"ಹಿಂದಕ್ಕ ಹೋಗು ಆಯಿ," ಎಂದೆ. "ಹೊತ್ತಾಗಾಕತ್ತದ."

ಅಪ್ಪನ ಗದರಿಕೆಗೆ ಏಳದವಳು ನನ್ನ ಮಾತಿಗೆ ಎದ್ದಳು. ಹಿಂದಿನ ಸಾಲಿಗೆ ಹೋಗಲಿಲ್ಲ. ಹೊರಗೆ ಚಪ್ಪಲಿ ಮೆಟ್ಟಿ ಕಲ್ಯಾಣಿಯ ದಾರಿ ಹಿಡಿದಳು. ಬಟ್ಟಲು ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ನನ್ನ ಸರದಿ ಬಂದಾಗ ನಾನು ಕುಡಿದೆ.