ಉಪ್ಪು ಅಂದಿದ್ದೆ

ನನ್ನ ಮೊಮ್ಮಗ ಮನೆಗೆ ಬಂದ! ಅರಿವಿಲ್ಲದೆ ಮಾಡಿದ್ದು, ತಪ್ಪಿತಸ್ಥನಲ್ಲ ಎಂದು ಜಡ್ಜ್ ಸಾಹೇಬರು ನಿನ್ನೆ ಬೆಳಿಗ್ಗೆ ಹೇಳಿ ಅವನನ್ನು ನಮ್ಮ ಕೈಗೊಪ್ಪಿಸಿದರು. ಮಾದನಾಯಕನಹಳ್ಳಿಯ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ ಬಂದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ನಮ್ಮ ವಕೀಲಮ್ಮನ ವಿಷಯ ಬರೆಯದೆ ಜೀವಕ್ಕೆ ಸಮಾಧಾನವಿಲ್ಲ.

ಕರಿ ಕೋಟಿನ ಮೊಣಕೈ ಹರಿದಲ್ಲಿ ನೀಲಿ ದಾರದ ಹೊಲಿಗೆ, ಹೆಬ್ಬೆರಳಲ್ಲಿ ಸದಾ ಶಾಯಿ. ಸರ್ಕಾರ ಪುಕ್ಕಟೆ ಕೊಟ್ಟ ವಕೀಲರು. ಪುಕ್ಕಟೆ ಅಂದ ಮೇಲೆ ನನಗೆ ಅನುಮಾನ. ಯಾವ ಕಾಗದಕ್ಕೂ ಓದಿ ಹೇಳದೆ ಸಹಿ ಹಾಕಿಸುತ್ತಿರಲಿಲ್ಲ. ಅದಕ್ಕೂ ಅನುಮಾನ: ಬರೆದದ್ದೊಂದು, ಓದಿದ್ದು ಇನ್ನೊಂದಾದರೆ? ಪಕ್ಕದ ಮನೆ ಹುಡುಗಿಯ ಕೈಲಿ ಮತ್ತೆ ಓದಿಸುತ್ತಿದ್ದೆ.

ಮೊಮ್ಮಗ ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ತನ್ನ ಊಟಕ್ಕೆ ಯಾರೋ ಏನೋ ಬೆರೆಸುತ್ತಾರೆ ಅನ್ನುತ್ತಿದ್ದವನು ಒಂದು ದಿನ ಕ್ಯಾಂಟೀನಿನ ಅಡುಗೆಯವನ ತಲೆಗೆ ಸೌಟಿನಿಂದ ಹೊಡೆದುಬಿಟ್ಟ. ಕೊಲೆ ಯತ್ನದ ಕೇಸು, ಜೈಲು. ಅಲ್ಲಿ ತಲೆ ಕಾಯಿಲೆಯ ಮಾತ್ರೆ ಮುಟ್ಟಲಿಲ್ಲ. ಬುದ್ಧಿ ಸ್ಥಿಮಿತಕ್ಕೆ ಬಾರದೆ ಕೇಸು ನಡೆಯುವಂತಿಲ್ಲ. ಹಿಡಿದು ಇಂಜೆಕ್ಷನ್ ಕೊಡಲು ಜೈಲಿನ ಡಾಕ್ಟರು ಕೋರ್ಟಿನ ಅಪ್ಪಣೆ ಕೇಳಿದರೆ, ಈಯಮ್ಮ ಬೇಡ ಎಂದು ಎದ್ದು ನಿಂತರು!

“ನಮ್ ಮಗು ವಾಸಿಯಾಗೋದು ನಿಮ್ಗೆ ಬ್ಯಾಡ್ವಾ? ಆ ಅಡುಗೆಯೋನ ಕಡೆ ಸೇರ್ಕಂಡಿದೀರಾ?” ಎಂದು ಕೋರ್ಟಿನ ಮೆಟ್ಟಿಲ ಮೇಲೇ ಜಗಳ ತೆಗೆದೆ.

ಅವರು ನಕ್ಕರು. “ಅನುಮಾನ ನಿಮ್ ಮನೆತನದ್ದೇ ಅಂತ ಕಾಣುತ್ತೆ ಅಜ್ಜಿ. ನಾನು ಔಷಧಿ ಬೇಡ ಅಂತಿಲ್ಲ. ಮೊದಲು ಅವನನ್ನ ಕೇಳಿ ಕೊಡಿ ಅಂತಿದೀನಿ.” ಆಮೇಲೆ ಮೆಲ್ಲಗೆ, “ಊಟಕ್ಕೆ ಬೆರೆಸ್ತಾರೆ ಅನ್ನೋದು ಅವನ ತಲೆಗೆ ಎಲ್ಲಿಂದ ಬಂತು?”

ಅವನು ಮಾತ್ರೆ ಉಗಿಯುತ್ತಿದ್ದನೆಂದು, ಪುಡಿ ಮಾಡಿ ಹುರುಳಿ ಸಾರಿಗೆ ಬೆರೆಸುತ್ತಿದ್ದವಳು ನಾನೇ. ಒಮ್ಮೆ ತಟ್ಟೆಯಂಚಿನಲ್ಲಿ ಬಿಳಿ ಪುಡಿ ಕಂಡು ಕೇಳಿದ್ದ. ಉಪ್ಪು ಅಂದಿದ್ದೆ.

ಹೇಳಿಕೊಂಡೆ. ವಕೀಲಮ್ಮ ಬೈಯಲಿಲ್ಲ. “ಇದನ್ನ ನನಗಲ್ಲ, ಅವನಿಗೆ ಹೇಳ್ಬೇಕು” ಅಂದರು.

ಒಳಗೆ ಜಡ್ಜ್ ಸಾಹೇಬರು ಡಾಕ್ಟರನ್ನು ಕೇಳಿದರು: ಇವನಿಂದ ಇವನಿಗಾಗಲಿ ಬೇರೆಯವರಿಗಾಗಲಿ ಈಗ ಅಪಾಯವಿದೆಯೇ? ಬೇರೆ ದಾರಿ ನೋಡಿದಿರಾ? ಇಂಜೆಕ್ಷನ್ನಿನ ಮಂಪರಿನಲ್ಲಿ ತನ್ನ ವಕೀಲರ ಹತ್ತಿರ ಮಾತಾಡಬಲ್ಲನೇ? ಡಾಕ್ಟರು ಸುಳ್ಳು ಹೇಳುವ ಮನುಷ್ಯರಲ್ಲ. ಸದ್ಯಕ್ಕೆ ಅಪಾಯವಿಲ್ಲ ಎಂದರು. ಬಲವಂತ ಕಡೆಯ ದಾರಿ, ಮೊದಲು ಮನೆಯವರು ಮಾತಾಡಲಿ ಎಂದು ಆದೇಶವಾಯಿತು.

ಜೈಲಿನಲ್ಲಿ ಅವನ ಮುಂದೆ ಕೂತೆ. “ಬೆರೆಸ್ತಿದ್ದೋಳು ನಾನೇ ಕಣೋ ಮಗಾ. ನೀನ್ ಕಂಡಿದ್ದು ನಿಜ.”

“ಉಪ್ಪು ಅಂದಿದ್ಯಲ್ಲಜ್ಜಿ” ಎಂದು ಅತ್ತುಬಿಟ್ಟ. ಮೂರನೇ ದಿನ ಡಾಕ್ಟರು ಮಾತ್ರೆಯ ಶೀಟನ್ನೇ ಕೈಗೆ ಕೊಟ್ಟರಂತೆ. ಹೆಸರು ಓದಿ, ತಾನೇ ಬಿಚ್ಚಿ ನುಂಗಿದನಂತೆ. ಹಾಗೇ ದಿನದಿನಕ್ಕೆ ಹುಷಾರಾಗಿ, ಕೇಸು ನಡೆದು, ನಿನ್ನೆಯ ತೀರ್ಪು ಬಂತು.

ಅವನನ್ನು ನೋಡಿಕೊಳ್ಳುತ್ತೇವೆಂಬ ಮುಚ್ಚಳಿಕೆಯನ್ನು ವಕೀಲಮ್ಮ ಓದಿ ಹೇಳಿದರು. ಈ ಸಲ ಪಕ್ಕದ ಮನೆ ಹುಡುಗಿಯನ್ನು ಹುಡುಕಲಿಲ್ಲ, ಸಹಿ ಹಾಕಿದೆ. ಊಟಕ್ಕೆ ಕರೆದೆ. “ಅಯ್ಯೋ, ನಿಮ್ ಸಾರಿನ ಕಥೆ ನನಗೆ ಗೊತ್ತು, ಬರಲ್ಲಪ್ಪ!” ಎಂದು ನಗುತ್ತ ಮುಂದಿನ ಕೇಸಿಗೆ ಓಡಿದರು. ಅವರ ಋಣ ನಾನು ತೀರಿಸಲಾರೆ.

ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತೆವು. ಮುದ್ದೆ, ಹುರುಳಿ ಸಾರು. ಮೊಮ್ಮಗ ತಟ್ಟೆಯನ್ನೇ ನೋಡಿದ. “ಏನೇನ್ ಹಾಕಿದೀಯಜ್ಜಿ?”

“ಹುರುಳಿ, ಬೆಳ್ಳುಳ್ಳಿ, ಹುಣಸೆ, ಖಾರದಪುಡಿ...” ಎದ್ದು ಉಪ್ಪಿನ ಡಬ್ಬಿಯನ್ನೇ ತಂದು ಅವನ ಮುಂದಿಟ್ಟೆ.

ಒಂದು ತುತ್ತು ನುಂಗಿ, “ಕಮ್ಮಿ ಆಗೈತೆ” ಎಂದು ತಾನೇ ಚಿಟಿಕೆ ಉದುರಿಸಿಕೊಂಡು ಉಂಡ. ನಾವೆಲ್ಲ ಉಂಡೆವು.