ಕೆಂಪಣ್ಣ ಓದದೆ ಹಾಕಿದ ಸಹಿ

ಗೌರಮ್ಮನವರೇ, ನಿಮ್ಮ ಯಜಮಾನರು ಕೆಂಪಣ್ಣನವರು ಠಾಣೆಗೆ ಬಂದು ಬಂದೂಕು ಬಿಡಿಸಿಕೊಂಡು ಹೋಗಲೇ ಇಲ್ಲ. ಹೋದರು ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದವನು ನಾನು. ಅದು ಸುಳ್ಳು. ಇದನ್ನು ಬರೆಯಲು ಏಳು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ಸರಿಯಲ್ಲ, ಏಳು ವರ್ಷ ತಪ್ಪಿಸಿಕೊಂಡು ತಿರುಗಿದೆ.

ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಲೈಸೆನ್ಸ್ ಇದ್ದವರೇ ಬಂದು ಸಹಿ ಹಾಕಿ ಒಯ್ಯಬೇಕು. ಯಲಹಂಕದ ಆಚೆ, ನಿಮ್ಮ ಹಳ್ಳಿಗೆ ಸೇರಿದ ಠಾಣೆಯಲ್ಲಿ ಆಗ ನಾನು ರೈಟರ್. ಬಂದೂಕುಗಳ ರಿಜಿಸ್ಟರ್ ನನ್ನ ಸುಪರ್ದಿಯಲ್ಲಿತ್ತು. ಹೊಲಗಳೆಲ್ಲ ಸೈಟುಗಳಾಗಿದ್ದರೂ, ಹಂದಿ ಓಡಿಸಲೆಂದು ಹಿರಿಯರು ಇಟ್ಟುಕೊಂಡ ಬಂದೂಕುಗಳು ಕೆಲವು ಮನೆಗಳಲ್ಲಿ ಹಾಗೇ ಉಳಿದಿದ್ದವು. ಮತ ಎಣಿಕೆ ಮುಗಿದ ಮೇಲೆ ಒಂದು ಮಧ್ಯಾಹ್ನ ನಿಮ್ಮ ಮೈದುನ ಮುನಿರಾಜ ಬಂದ.

"ಅಣ್ಣ ತೋಟದಾಗವ್ನೆ ಸಾ. ಬಂದೂಕ ನಂಗೇ ಕೊಟ್ಬುಡಿ, ನಾಳೆ ಅವ್ನೇ ಬಂದು ಸೈನ್ ಆಕ್ತಾನೆ."

ಕೊಟ್ಟೆ. ಊಟದ ಹೊತ್ತು ಮೀರಿತ್ತು, ಕೆಂಪಣ್ಣನವರು ಸಾಧು ಮನುಷ್ಯ, ಬಂದವನು ಸ್ವಂತ ತಮ್ಮ — ಇವು ಯಾವುವೂ ಕಾರಣಗಳಲ್ಲ. ಹಾಗೆ ಕೊಡುವುದು ನಮ್ಮಲ್ಲಿ ರೂಢಿಯಾಗಿಹೋಗಿತ್ತು, ಅಷ್ಟೇ. ಮೂರನೆಯ ದಿನ, ಜಮೀನಿನ ದಾರಿಯ ಜಗಳದಲ್ಲಿ, ಮುನಿರಾಜ ದಾಯಾದಿ ಪಿಳ್ಳಪ್ಪನ ಎದೆಗೆ ಗುಂಡು ಹೊಡೆದ.

ಸುದ್ದಿ ಬಂದಾಗ ಸತ್ತವನ ಬಗ್ಗೆ ನಾನು ಯೋಚಿಸಲಿಲ್ಲ. ರಿಜಿಸ್ಟರ್ ತೆಗೆದು ನೋಡಿದೆ. ತಾರೀಕು ಬರೆದಿದ್ದೆ, ಸಹಿಯ ಜಾಗ ಖಾಲಿ. ಕೆಲಸ ಹೋಗುತ್ತದೆ, ಬಹುಶಃ ನಾನೂ ಒಳಗೆ... ಬಂದೂಕು ಅವರ ಹೆಸರಿನಲ್ಲಿದ್ದುದರಿಂದ ಸಂಜೆ ಕೆಂಪಣ್ಣನವರನ್ನೂ ಹಿಡಿದು ತಂದರು. ಬಂಧನದ ಕಾಗದಗಳಿಗೆ ಸಹಿ ಹಾಕಿಸುವುದು ನನ್ನದೇ ಕೆಲಸ. ಒಂದಾದ ಮೇಲೆ ಒಂದು ಹಾಕಿಸುತ್ತಾ, ನಡುವೆ ಆ ರಿಜಿಸ್ಟರನ್ನೂ ಮುಂದಿಟ್ಟು ಬೆರಳಿನಿಂದ ಜಾಗ ತೋರಿಸಿದೆ.

"ಇಲ್ಲೂ ಆಕ್ಬೇಕಾ ಸಾ?"

"ಹೂಂ, ಹಾಕಪ್ಪ."

ಅವರು ಓದಲಿಲ್ಲ. ನನ್ನನ್ನು ನಂಬಿದ್ದರು.

ವಿಚಾರಣೆಯಲ್ಲಿ ಆದದ್ದು ನಿಮಗೆ ಗೊತ್ತು, ನೀವು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಿರಿ. ಕೆಂಪಣ್ಣನವರು, ಸಹಿ ನನ್ನದೇ, ಆದರೆ ಅವತ್ತು ನಾನು ಠಾಣೆಗೇ ಹೋಗಿರಲಿಲ್ಲ ಎಂದರು. ಮುನಿರಾಜ, ಬಂದೂಕು ತಂದವನು ನಾನೇ, ಅಣ್ಣನಿಗೆ ಏನೂ ಗೊತ್ತಿಲ್ಲ ಎಂದ. ಕೊಲೆ ಮಾಡಿದವನು ನಿಜ ಹೇಳಿದ, ಯೂನಿಫಾರ್ಮ್ ತೊಟ್ಟವನು ಸುಳ್ಳು ಹೇಳಿದ. ಕೋರ್ಟು ನಂಬಿದ್ದು ಯೂನಿಫಾರ್ಮನ್ನು. ಬಂದೂಕು ತಂದು ತಮ್ಮನ ಕೈಗೆ ಕೊಟ್ಟವನೂ ಕೊಲೆಯಲ್ಲಿ ಪಾಲುದಾರ ಎಂದು ತೀರ್ಪಾಯಿತು. ಇಬ್ಬರಿಗೂ ಜೀವಾವಧಿ.

ಆಮೇಲೆ ನಾನು ನಿವೃತ್ತನಾದೆ. ಮಗಳ ಮದುವೆ ಮಾಡಿದೆ. ಕೊಡಿಗೇಹಳ್ಳಿಯ ಮನೆಯಲ್ಲಿ ಪೇಪರ್ ಓದುತ್ತಾ, ಸಂಜೆ ನಾಲ್ಕು ಹೆಜ್ಜೆ ನಡೆಯುತ್ತಾ — ಯಾರು ನೋಡಿದರೂ ಮರ್ಯಾದಸ್ಥ.

ಹೋದ ವಾರ ನೀವು ಬಂದಿರಿ. ಜಕ್ಕೂರಿನ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಕೆಲಸ ಮುಗಿಸಿ, ಸೀದಾ ನನ್ನ ಮನೆಗೆ. ಹೈಕೋರ್ಟಿನಲ್ಲಿ ಅಪೀಲು ಈ ತಿಂಗಳು ವಿಚಾರಣೆಗೆ ಬರುತ್ತದೆ ಎಂದಿರಿ.

"ಬಂದೂಕ ಯಾರ್ ತಕ್ಕೊಂಡೋದ್ರು ಅಂತ ಕಂಡೋರು ಯಾರಾನಾ ಇದ್ರೆ ಕೇಳ್ಕೊಂಡ್ ಬಾ ಅಂದವ್ರೆ ಲಾಯರು. ಅವತ್ತು ಜನ ಜಾಸ್ತಿ ಇದ್ರೇನೋ, ನಿಮ್ಗೂ ಗೊತ್ತಾಗ್ದೆ ಇಂಗೆ ಆಗಿರ್ಬೋದು. ವಸಿ ಗ್ಯಾಪಕ ಮಾಡ್ಕೊಳಿ ಸಾ."

ನನ್ನ ಸುಳ್ಳಿಗೆ ನೀವೇ ಒಂದು ಸಮಾಧಾನ ಹುಡುಕಿಕೊಂಡು ಬಂದಿದ್ದಿರಿ. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಹೇಳಿದ್ದು — "ನೆನಪಿಲ್ಲಮ್ಮ."

"ಆಯ್ತು ಬುಡಿ, ನಿಮ್ಗೂ ವಯಸ್ಸಾಯ್ತಲ್ಲ," ಎಂದು ಕೈ ಮುಗಿದು ಹೊರಟಿರಿ. ಮೊದಲ ತಪ್ಪು ಹೆದರಿ ಮಾಡಿದ್ದು. ಇದಕ್ಕೆ ಯಾವ ಹೆದರಿಕೆ ಇತ್ತೋ, ನನಗೇ ತಿಳಿಯದು. ಅಭ್ಯಾಸವಾಗಿಬಿಟ್ಟಿತ್ತು, ಅಷ್ಟೇ ಇರಬೇಕು. ಅದನ್ನು ಯೋಚಿಸಿದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ನಾಳೆ ಬೆಳಿಗ್ಗೆ ನಿಮ್ಮ ವಕೀಲರಿಗೆ ಇದನ್ನೆಲ್ಲ ಬರೆದುಕೊಡುತ್ತೇನೆ. ಒಮ್ಮೆ ಸುಳ್ಳು ಹೇಳಿದವನನ್ನು ಈಗ ಯಾಕೆ ನಂಬಬೇಕು ಎಂದು ಸರ್ಕಾರಿ ವಕೀಲರು ಕೇಳುತ್ತಾರೆ. ಕೇಳಬೇಕಾದದ್ದೇ. ನಂಬಿದರೆ ಕೆಂಪಣ್ಣನವರು ಮನೆಗೆ ಬರುತ್ತಾರೆ — ಏಳು ವರ್ಷ ಕಳೆದುಕೊಂಡು. ನಂಬದಿದ್ದರೆ ಅವರು ಜೈಲಿನಲ್ಲೇ ಉಳಿಯುತ್ತಾರೆ, ಈಗಿನದೇ ಸುಳ್ಳು ಸಾಕ್ಷಿ ಎಂದು ಬಹುಶಃ ನನ್ನನ್ನೂ ಅಲ್ಲಿಗೇ ಕಳಿಸುತ್ತಾರೆ. ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಾಗ, ನೀವೇನು ಮಾಡಿ ಬಂದಿರಿ ಸಾ ಎಂದು ಅವರು ಕೇಳಿದರೆ, ಅವರ ಮುಖ ನೋಡಿಕೊಂಡು ಹೇಳಬೇಕು.